ಒತ್ತೆ

ಮೊದಲ ಟೈರು ಹೋದಾಗ ಬೈದುಕೊಂಡು ಸ್ಟೆಪ್ನಿ ಹಾಕಿದೆ.
ಎರಡನೆಯದು ಹೋದಾಗ ಬೈಯಲೂ ಬಾಯಿ ಬರಲಿಲ್ಲ.
ಮಾಲ್ಟಹೋಹೆ ದಾಟಿ ಎಪ್ಪತ್ತು ಕಿಲೋಮೀಟರು, ಜಲ್ಲಿರಸ್ತೆ.
ಅಷ್ಟು ಹೊತ್ತೂ ಹಿಂದೆ ಬರುತ್ತಿದ್ದ ನನ್ನದೇ ಧೂಳು
ನನ್ನನ್ನು ದಾಟಿ ತನ್ನ ಪಾಡಿಗೆ ಹೋಯಿತು.

ಪಿಕಪ್ಪಿನ ಬೆನ್ನ ಮೇಲೆ ಹನ್ನೊಂದು ಶಾಲೆಗಳ ಸೀಮೆಸುಣ್ಣ.
ಬಾಟಲಿಯಲ್ಲಿ ಅರ್ಧ ನೀರು. ಫೋನಿನಲ್ಲಿ ಒಂದು ಗೆರೆಯೂ ಇಲ್ಲ.
ನಾನು ನ್ದಾಹಾಫಾ, ನಮೀಬಿಯಾದ ಉತ್ತರದವಳು,
ಸಜ್ಜೆಹೊಲದ ಬದುವಿಗೊಬ್ಬರು ಮಾತಿಗೆ ಸಿಗುವ ಕಡೆಯವಳು.
ಈ ದಕ್ಷಿಣದಲ್ಲಿ ಬೇಲಿಗೆ ಕೊನೆಯಿಲ್ಲ,
ಬೇಲಿಯೊಳಗೆ ಯಾರೂ ಇಲ್ಲ.

ಮೂರು ಗಂಟೆಗೆ ಒಂದು ಕತ್ತೆಗಾಡಿ.
ಹಳೆಯ ಕಾರಿನ ಅಚ್ಚು, ಹಲಗೆ, ತಂತಿ, ಮೂರು ಕತ್ತೆ.
ಮುದುಕ ಹ್ಯಾಟೆತ್ತಿದ. ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗಿ,
ಗಂಡಸರ ಕೋಟೊಂದರಲ್ಲಿ ಮುಳುಗಿ.
ತಮ್ಮತಮ್ಮಲ್ಲಿ ಅವರದು ನಾಮಾ ಮಾತು,
ಹಸಿ ಸೌದೆ ಚಿಟಿಲೆಂದಂತೆ ನಡುನಡುವೆ ನಾಲಿಗೆ ಸಿಡಿಯುತ್ತಿತ್ತು.
ನನ್ನೊಡನೆ ಆಫ್ರಿಕಾನ್ಸ್: ಇಬ್ಬರಿಗೂ ಸಾಲದ ಭಾಷೆ,
ಎರಡೂ ಅರ್ಥದಲ್ಲಿ.

ನಾಡಿ ಹಿಡಿದವನಂತೆ ಟೈರು ಒತ್ತಿ ನೋಡಿದ.
"ಇದಕ್ಕೆ ಮದ್ದು ನನ್ನಲ್ಲಿಲ್ಲ. ಅಳಿಯನಲ್ಲಿದೆ."
ಅಳಿಯ ಎಲ್ಲಿ?
ಗಲ್ಲವೆತ್ತಿ ಗುಡ್ಡ ತೋರಿಸಿದ.
ನಾನು ನೋಡಿದ್ದನ್ನಲ್ಲ, ಅದರಾಚೆಯದನ್ನು.

ಚಕ್ರ ಬಿಚ್ಚಿ ಗಾಡಿಗೆ ಹೇರಿದೆವು.
ಆಗ ನನ್ನೊಳಗಿನ ಪಟ್ಟಣದವಳು ಎದ್ದು ಕೂತಳು:
ಹೊಸ ರಿಮ್ಮು, ಸರ್ಕಾರದ್ದು,
ಹೋದ ಗಾಡಿ ತಿರುಗಿ ಬರುತ್ತದೆಂದು ಯಾರು ಹೇಳಿದರು?
ಹೆಸರು ಕೇಳಿದೆ. ಇಸಾಸ್ಕರ್ ಅಂದ. ಊರು ಕೇಳಿದೆ.
ಇನ್ನೂ ಏನಾದರೂ ಕೇಳಬೇಕಲ್ಲ ಎಂದು ಹುಡುಕುತ್ತಿದ್ದೆ.
ಮುಖ ಓದಿದನೋ ಏನೋ,
ಹುಡುಗಿಯ ಕಂಕುಳಿಗೆ ಕೈಹಾಕಿ ಕೆಳಗಿಳಿಸಿದ.
"ಮಗ್ರೀಟಾ ಇಲ್ಲೇ ಇರಲಿ.
ರಾತ್ರಿ ಒಬ್ಬಳೇ ಆದರೆ ನಿನಗೆ ಭಯವಾದೀತು."

ಹತ್ತು ಪ್ರಶ್ನೆ ಕೇಳಿ ನಾನು ಒಂದು ಚಕ್ರ ಕೊಟ್ಟೆ.
ನನ್ನ ಹೆಸರನ್ನೂ ಕೇಳದೆ
ಅವನು ಮೊಮ್ಮಗಳನ್ನು ಕೊಟ್ಟ.

ಕತ್ತೆಗಳ ಹೆಸರು ಅವಳೇ ಹೇಳಿದ್ದು:
ಪಾದ್ರಿ, ಕಾಫಿ, ಮಂಗಳವಾರ.
ಪಾದ್ರಿ ಶುದ್ಧ ಸೋಮಾರಿಯಂತೆ.
ಮುಳ್ಳುಕಡ್ಡಿ ಆಯ್ದು ಬೆಂಕಿ ಹೊತ್ತಿಸಿದಳು.
ಕೋಟಿನ ಜೇಬಿನಿಂದ ಕೆಂಡದ ರೊಟ್ಟಿ ತೆಗೆದು ಎರಡು ಮಾಡಿದಳು,
ದೊಡ್ಡ ಚೂರು ನನಗೆ, ನಾನು ದೊಡ್ಡವಳಂತೆ.
ಆಮೇಲೆ ಒಂದು ಸೀಮೆಸುಣ್ಣ ಕೇಳಿದಳು.
"ದಾಟಿಹೋದ ಗಾಡಿಗೊಂದೊಂದು ಗೀಟು ಹಾಕ್ತೀನಿ."
ಪಿಕಪ್ಪಿನ ಹಿಂಬಾಗಿಲಿಗೆ ಮುಖಮಾಡಿ ಕೂತಳು.
ಕತ್ತಲಾಯಿತು. ಒಂದು ಗೀಟೂ ಇಲ್ಲ.
ಎಷ್ಟೋ ಹೊತ್ತಿಗೆ ನರಿಯೊಂದು ದಾಟಿತು.
ಇದನ್ನು ಬರೆಯಬಹುದಾ?
ಬರೆ, ಎಂದೆ.

"ನಿನ್ನಜ್ಜ ಎಲ್ಲರಿಗೂ ಹೀಗೇ ನಿಲ್ಲುತ್ತಾನಾ?"
ಪ್ರಶ್ನೆಯೇ ಅವಳಿಗೆ ತಿಳಿಯಲಿಲ್ಲ.
ಬಹಳ ಯೋಚಿಸಿ ಹೇಳಿದಳು:
"ನಿಲ್ಲದವನು ಒಬ್ಬ ಇದ್ದ.
ಅವನ ಹೆಸರು ನಮ್ಮಲ್ಲಿ ಎಲ್ಲರಿಗೂ ಗೊತ್ತು."

ನಿದ್ದೆಯಲ್ಲಿ ಅವಳ ತಲೆ ನನ್ನ ತೋಳಿಗೆ ಜಾರಿತು.
ತೋಳು ಜೋಮು ಹಿಡಿಯಿತು. ಅಲುಗಲಿಲ್ಲ ನಾನು.
ಒತ್ತೆಯಿಟ್ಟದ್ದನ್ನು ಹಾಗೆಲ್ಲ ಅಲುಗಾಡಿಸಬಾರದು.

ನಸುಕಿನಲ್ಲಿ ಮೊದಲು ತಂತಿಯ ಕಿರುಗುಟ್ಟು, ಆಮೇಲೆ ಕೆಮ್ಮು.
ಟೈರಿನೊಳಗೆ ಇನ್ನೊಂದು ಟೈರಿನ ತುಂಡಿಟ್ಟು
ಹೊಲಿದುಕೊಟ್ಟಿದ್ದ ಅಳಿಯ, ಕಾಣದವನು.
ನೋಟು ಚಾಚಿದೆ. ಇಸಾಸ್ಕರ್ ಕತ್ತೆಯ ಕಿವಿ ಕೆರೆಯುತ್ತ ನಿಂತ.
"ಪಾದ್ರಿಯನ್ನು ಕೇಳು. ರಾತ್ರಿಯೆಲ್ಲ ನಡೆದವನು ಅವನು."
ಪಾದ್ರಿ ನೋಟು ಮೂಸಿ ಮುಖ ತಿರುಗಿಸಿತು.
ಮಗ್ರೀಟಾ ಉಳಿದ ಚೂರು ಸೀಮೆಸುಣ್ಣ ಹಿಂದಿರುಗಿಸಲು ಬಂದಳು.
ಆಗ ಸರ್ಕಾರಕ್ಕೆ ಮೊದಲ ಸಲ ಮೋಸ ಮಾಡಿದೆ:
ಒಂದಿಡೀ ಪೆಟ್ಟಿಗೆ.

ಮೊನ್ನೆ ರೆಹೊಬೊತ್ ಹತ್ತಿರ, ನುಣ್ಣನೆಯ ಡಾಂಬರು.
ಬಾನೆಟ್ಟು ತೆರೆದು ನಿಂತ ಕಾರು. ದಾಟಿಹೋದೆ.
ಹೌದು, ದಾಟಿಯೇ ಹೋದೆ. ತಡವಾಗಿತ್ತು.
ಎರಡು ಕಿಲೋಮೀಟರು ಹೋದ ಮೇಲೆ
ಎಲ್ಲೋ ಬೆಂಕಿಯ ಸುತ್ತ ಕೂತವರ ಬಾಯಲ್ಲಿ
ನನ್ನ ಹೆಸರು ಕೇಳಿಸಿದಂತಾಗಿ ತಿರುಗಿಸಿದೆ.

ಅವನಿಗೇನೂ ಆಗಿರಲಿಲ್ಲ.
ಎಂಜಿನ್ನು ಆರಲು ಬಿಟ್ಟು
ಫೋನಿನಲ್ಲಿ ಹೆಂಡತಿಯೊಡನೆ ಜಗಳವಾಡುತ್ತಿದ್ದ.
ಫೋನಿಗೆ ಅಂಗೈ ಮುಚ್ಚಿ, ಏನು ಎಂಬಂತೆ ನೋಡಿದ.
ಏನಿಲ್ಲ, ಎಂದೆ.
ಟೀ ಇದೆ, ಬೇಕಾ?