ಶ ಸಾಲದ ವರ್ಷ

ಚೌಬಾರಾದ ಬೆನ್ನಿಗೆ ನಮ್ಮ ಪ್ರೆಸ್ಸು,
ಒಂದೇ ಟ್ರೆಡಲ್, ಎರಡು ಕೇಸು ಮೊಳೆ.
ಡಿಸೆಂಬರಿನ ಬೀದರ ಚಳಿಗೆ
ಸೀಸದ ಅಕ್ಷರ ಮುಟ್ಟಿದರೆ ಬೆರಳು ಸುಡುತ್ತಿತ್ತು.

ಮಂಗಲಪೇಟೆಯಿಂದ ನಾಲ್ಕು ಮಂದಿ ಬಂದರು.
ಇನ್ನೂರು ಕಾರ್ಡು, ಒಂದೇ ಸಾಲು.
ಆ ಒಂದು ಸಾಲು ಯಾವುದೆಂಬುದು ಮಾತ್ರ
ಚರ್ಚಿನಲ್ಲಿ ಮೂರು ಭಾನುವಾರ ಕೂತರೂ ತೀರಿರಲಿಲ್ಲ.

'ಕ್ರಿಸ್ತ ಜಯಂತಿ' ಎಂದರು ಪಾದ್ರಿ ದೇವಪುತ್ರಪ್ಪ,
ಮಾತು ಅವರ ಕೋಟಿನ ಹಾಗೆ ಇಸ್ತ್ರಿಯಾಗಿರಬೇಕು.
'ಜಯಂತಿ ಸತ್ತವರಿಗೆ ಮಾಡ್ತಾರ್ರಿ,
ನಮ್ಮಾಂವ ಎದ್ದಾನ' ಎಂದ ಖಜಾಂಚಿ ನತನಿಯೇಲ.
ಸಂಪತ್ ಮಾಸ್ತರರಿಗೆ 'ಮೆರ್ರಿ'ಯೇ ಬೇಕು,
ಮಿಶನ್ ಶಾಲೆಯ ಮಿಸ್ಸಮ್ಮ ಕಲಿಸಿ ಹೋದದ್ದು.
'ಮೆರ್ರಿ ಅಂದ್ರ ಕುಡದವರ ಖುಷಿ, ಹ್ಯಾಪಿ ಅನ್ರಿ'
ಎಂದಳು ದವಾಖಾನೆಯ ನರ್ಸ್ ಸುಗುಣಾಬಾಯಿ.
ಗಂಡನ ಹೆಸರು ಹೇಳದೆಯೇ ಎಲ್ಲರಿಗೂ ತಿಳಿಯಿತು.

ನಾನು ಸ್ಟಿಕ್ಕು ಹಿಡಿದು ಕಾದೆ.
ನನಗೇನು, ನಮ್ಮ ಓಣಿಯಲ್ಲಿ ಅದು ಬಡಾದಿನ್,
ಮುಬಾರಕ್ ಅಂದರೆ ಮುಗಿಯಿತು,
ಕೇಕಿನ ತುಂಡು ಬಂತು.

ಯಾವುದು ಗೆದ್ದರೂ ಬಾಲಕ್ಕೆ ಶುಭಾಶಯ ಬೇಕು,
ಶುಭಾಶಯಕ್ಕೆ ಎರಡು ಶ.
ನನ್ನ ಶಗಳೆಲ್ಲ ಲಗ್ನಪತ್ರಿಕೆಯಲ್ಲಿ ಸಿಕ್ಕಿಕೊಂಡಿದ್ದವು:
ಶ್ರೀ, ಶುಭ, ಶರಣು,
ಶಿವಶರಣಪ್ಪನವರ ಜ್ಯೇಷ್ಠ ಚಿರಂಜೀವ,
ಬಿಗಿದಿಟ್ಟ ಫರ್ಮಾ, ಬೀಗರಿನ್ನೂ ಪ್ರೂಫು ನೋಡಿಲ್ಲ, ಬಿಚ್ಚುವಂತಿಲ್ಲ.
ಖಾನೆಯಲ್ಲಿ ಉಳಿದದ್ದು ಒಂದೇ ಶ,
ಅದೂ ಮೂಗು ಮುರಿದದ್ದು.

ಮೆಟ್ಟಿಲ ಮೇಲೆ ಕೂತಿದ್ದಳು ತಿಪ್ಪಮ್ಮ,
ಚರ್ಚಿನ ಕಸ ಗುಡಿಸುವವಳು, ರಿಜಿಸ್ಟರಿನಲ್ಲಿ ತಬಿತಾ.
'ದೊಡ ದಿನ ಅಂತ ಬರಿಯೋ ಗಫೂರಾ,
ಎಷ್ಟ್ ಮಾತಾಡ್ತಾರ.'
ಮಾಸ್ತರರು ನಕ್ಕರು: 'ವರ್ಷದಾಗಿನ ಸಣ್ಣ ಹಗಲು ಆವಾಗೇ ಬೇ,
ದೊಡ್ಡದು ಹ್ಯಾಂಗ ಆದೀತು?'

ಎಲೆಯಡಿಕೆ ಒಂದು ದವಡೆಗೆ ಸರಿಸಿ ಅವಳೆಂದಳು:
'ನಮ್ಮವ್ವ ಗೌಡರ ಮನಿ ಸಗಣಿ ಬಾಚ್ತಿದ್ಳು.
ಅವತ್ತೊಂದಿನ ಕರದ್ರೂ ಹೋಗ್ತಿದ್ದಿಲ್ಲ.
ಕಟ್ಟಿ ಮ್ಯಾಲ ಕುಂತು ತಲಿ ಬಾಚ್ಕೋತಿದ್ಳು,
ನಮ್ಮೆಲ್ಲಾರ ತಲೀನೂ ಬಾಚಿ ಮುಗಸ್ತಿದ್ಳು,
ಹೊತ್ತು ಇನ್ನೂ ನೆತ್ತಿ ಮ್ಯಾಲೇ ಇರ್ತಿತ್ತು.'

ಸ್ವಲ್ಪ ಹೊತ್ತು ಟ್ರೆಡಲಿಗೂ ಮಾತಿರಲಿಲ್ಲ.
ಆಮೇಲೆ ಖಜಾಂಚಿ: 'ಖರೆ ಅದ,
ಆದ್ರ ಕಾರ್ಡು ಡೀಸಿ ಸಾಹೇಬ್ರಿಗೂ ಹೋಗ್ತಾವ.'

'ಕ್ರಿಸ್ಮಸ್ ಹಬ್ಬದ ಶುಭಾಶಯಗಳು' ಗೆದ್ದಿತು,
ಯಾರಿಗೂ ಅಷ್ಟು ಇಷ್ಟವಿರದ ಕಾರಣಕ್ಕೆ.
ಶಗಳು ಹುಮನಾಬಾದಿನಿಂದ ಬಂದವು,
ಬಸ್ ಕಂಡಕ್ಟರನ ಜೇಬಿನಲ್ಲಿ, ಚಿಲ್ಲರೆಯ ಜೊತೆ.
ಒಂದು ಕೊಂಚ ದಪ್ಪ.
ಆ ಕಾರ್ಡು ಇನ್ನೂ ಯಾರ ಮನೆಯಲ್ಲಾದರೂ ಇದ್ದರೆ ನೋಡಿ,
ಶುಭಾಶಯ ಒಂದು ಕಾಲು ಕುಂಟುತ್ತದೆ.

ರಾತ್ರಿ ಮಷೀನು ಒರೆಸುವ ಮುನ್ನ
ತಿಪ್ಪಮ್ಮನ ಸಾಲು ಜೋಡಿಸಿದೆ.
ಎಲ್ಲ ಅಕ್ಷರ ಖಾನೆಯಲ್ಲೇ ಇದ್ದವು,
ಯಾರ ಲಗ್ನಕ್ಕೂ ಬೇಡವಾಗಿದ್ದವು.
ಮರುದಿನ ಕೊಟ್ಟೆ. ಓದು ಬಾರದವಳು,
ಬಿಸಿಲಿಗೆ ಹಿಡಿದು ಕೇಳಿದಳು,
'ಇದರಾಗ ದೊಡ್ಡದು ಯಾವುದು?'
ತೋರಿಸಿದೆ.
'ಏ ಭಾಡ್ಯಾ, ಇಷ್ಟ್ ಸಣ್ಣಂದು?'

ಅಟ್ಟದಿಂದ ಮರದ ಅಕ್ಷರ ಇಳಿಸಿದೆ,
ನಾಟಕದ ವಾಲ್‌ಪೋಸ್ಟರಿಗೆ ಇಟ್ಟದ್ದು, ಗೇಣುದ್ದ.
ದೊ ಇತ್ತು, ಡ ಇತ್ತು,
ಒತ್ತು ಗೆದ್ದಲು ತಿಂದಿತ್ತು.
ಕೆಂಪು ಶಾಯಿಯಲ್ಲಿ ಅಚ್ಚೊತ್ತಿದೆ: ದೊಡ ದಿನ.

ಅಂಬಲಿ ಹಚ್ಚಿ ಬಾಗಿಲಿಗೆ ಅಂಟಿಸಿದಳು.
ಸಂಪತ್ ಮಾಸ್ತರರು ಆ ದಾರಿಯಲ್ಲೇ ಶಾಲೆಗೆ ಹೋಗುವವರು.
ನಿಂತು ಓದಿದರಂತೆ,
ಜೇಬಿನ ಪೆನ್ನು ತೆಗೆದರಂತೆ, ಟೊಪ್ಪಿಗೆ ಬಿಚ್ಚಿದರಂತೆ,
ಮತ್ತೆ ಮುಚ್ಚಿ
ಇಟ್ಟುಕೊಂಡರಂತೆ.