ಪೀಠದ ಅಳತಿ

ಹುಮನಾಬಾದ ದಾರಿಯ ನಮ್ಮೂರ ಚರ್ಚಿನ ಪೀಠ
ನಾನೇ ಮಾಡಿದ್ದು, ಇಪ್ಪತ್ತಾರರ ಹರೇದಾಗ.
ಸಾಗವಾನಿ. ಒಂದೂ ಮೊಳಿ ಇಲ್ಲ.
ಆಗಿನ ಪಾಸ್ಟರು ಯೇಸಪ್ಪನವರನ್ನ ನಿಲ್ಲಿಸಿ
ಎದಿಗೆ ಗೇಣು ಹಚ್ಚಿ ಅಳತಿ ತಗೊಂಡಿದ್ದೆ.
ಅದು ಗಂಡಸಿನ ಅಳತಿ ಅಂತ
ಆಗ ಯಾರಿಗಿ ಹೊಳದಿತ್ತು?

ಈ ಸಲ ಕಾನ್ಫರೆನ್ಸ್ ಮುಗದ ಮ್ಯಾಲ ಕಾಗದ ಬಂತು:
ರೆವರೆಂಡ್ ಸುಕೀರ್ತಿ ಎಲೀಷ.
ಸೀರಿ ಮ್ಯಾಲ ಬಿಳಿ ನಿಲುವಂಗಿ, ನಾಲ್ಕಡಿ ಹತ್ತಿಂಚು.
ಮೊದಲ ಐತವಾರ ಪೀಠದ ಹಿಂದ ಹೋಗಿ ನಿಂತರ
ತುರುಬು ಒಂದೇ ಕಾಣತಿತ್ತು,
ಅದರಾಗ ಒಂದೆಳಿ ಅಬ್ಬಲಿಗಿ.
ಚಾಪಿ ಮ್ಯಾಲಿನ ಹುಡುಗರು ನಕ್ಕವು.
ಸ್ಟೀವರ್ಡ್ ದಾನಪ್ಪ ನನ್ನ ಕಡಿ ಹುಬ್ಬು ಹಾರಸಿದ,
ಮರ ಸುದ್ದಾ ಒಪ್ಪವಲ್ದು ನೋಡು, ಅನ್ನೂ ಹಂಗ.

ಕರಿಯೂದು ಹ್ಯಾಂಗ ಅಂತ ಬ್ಯಾರೆ ಪಂಚಾಯ್ತಿ.
ಪಾಸ್ಟರಮ್ಮ ಅಂದ್ರ ಪಾಸ್ಟರ ಹೆಂಡ್ತಿ,
ಚಹಾ ಕೊಡಾಕಿ, ಸಂಡೇಸ್ಕೂಲ್ ಹುಡುಗರ ಮೂಗು ಒರಸಾಕಿ.
ಇವರೇ ಪಾಸ್ಟರಮ್ಮ ಆದ್ರ
ಚಹಾ ಕೊಡೂ ಇವರ ಗಂಡಗ ಏನನ್ನಬೇಕು?
ಅಯ್ಯನೋರ, ಅಂತ ನನ್ನ ಬಾಯಿಂದ ಒಮ್ಮೆ ಜಾರಿತು.
ಅವರು ನಗಲಿಲ್ಲ. ಹೇಳ್ರಿ, ಅಂದ್ರು.

ನಮ್ಮವ್ವ ಗುಲಾಬಬಾಯಿ ಬೈಬಲ್ ಬಾಯಿ ಆಗಿದ್ದಳು,
ಮೂವತ್ತೊಂದು ವರ್ಷ, ಹೆಗಲಿಗಿ ಚೀಲ, ಬರಿಗಾಲು,
ತೊಗರಿ ಹೊಲದ ಬದು ಹಿಡದು ಏಳು ಹಳ್ಳಿ.
ಕೂಸು ಹಿಡದಳು, ಹೆಣ ತೊಳದಳು.
ಕಾಲರಾ ಬಂದ ವರ್ಷ ಪಾಸ್ಟರು ಬೀದರದಾಗ ಉಳದಾಗ
ಮಣ್ಣು ಕೊಡೂ ಪ್ರಾರ್ಥನಿ ಆಕಿನೇ ಹೇಳಿದಳು.
ಆದ್ರ ಕಟಾಂಜನದ ಆಚಿ ಆಕಿ ಕಾಲಿಡತಿದ್ದದ್ದು
ಶನಿವಾರ ಅಷ್ಟೇ, ಕಸಬರಗಿ ಹಿಡಕೊಂಡು.
ನಾ ಪೀಠ ತಂದಿಟ್ಟ ದಿನ
ಸೆರಗಿಲೆ ಒರಸಿ, ಸುತ್ತ ನೋಡಿ,
ಹಿಂದ ಹೋಗಿ ಒಂದು ಗಳಿಗಿ ನಿಂತಳು.
ಬಾಗಲದಿಂದ ನಾ ನೋಡಿದೆ.
ಆಕಿದೂ ತುರುಬಷ್ಟೇ ಕಂಡಿತ್ತು.
ನಾ ಏನೂ ಅನ್ನಲಿಲ್ಲ.

ಮೊನ್ನಿ ಕಮಿಟಿ ಕೂಡಿತು. ಒಬ್ಬಾಂವ ಸ್ಟೂಲ್ ಇಡ್ರಿ ಅಂದ.
ದಾನಪ್ಪ ಸೂಪರಿಂಟೆಂಡೆಂಟ್ ಸಾಹೇಬರಿಗಿ
ಅರ್ಜಿನೇ ಬರದು ತಂದಿದ್ದ. ಒಂಬತ್ತು ಸಹಿ ಆದವು.
ಹತ್ತನೇದಕ್ಕ ಪೆನ್ನು ನನ್ನ ಕೈಗಿ ಬಂತು.
ಚಾಳೀಸು ಮನ್ಯಾಗ ಅದ ಅಂದೆ.
ಚಾಳೀಸು ಕಿಸೇದಾಗೇ ಇತ್ತು.

ಇವತ್ತ ಶನಿವಾರ. ಗರಗಸ ತಂದೀನಿ.
ಚಾಪಿ ಝಾಡಿಸಿ ಕಸ ಹೊಡಿಲಿಕ್ಕತ್ತಾರ ಅಯ್ಯನೋರು.
ಜರಾ ಇಲ್ಲಿ ಬಂದು ನೆಟ್ಟಗ ನಿಲ್ರಿ, ಅಂದೆ.
ನಿಂತರು.
ಗೇಣು ಚಾಚಿದಾಂವ ಕೈ ಹಿಂದ ತಗೊಂಡೆ.
ಅವರೇ ಟೇಪಿನ ತುದಿ ಇಸಗೊಂಡು ಎದಿಗೆ ಹಿಡದು
ನೆಲಕ್ಕ ಇಳಿಬಿಟ್ಟು ಅಂಕಿ ಓದಿ ಹೇಳಿದ್ರು.
ಬರಕೊಂಡೆ.
ಇನ್ನೊಮ್ಮೆ ಕೇಳಿ, ಇನ್ನೊಮ್ಮೆ ಬರಕೊಂಡೆ.

ಹಳೇ ಸಾಗವಾನಿ.
ಹಲ್ಲು ಲಗೂನ ಹಿಡಿಯೂದಿಲ್ಲ.