ರಸ್ತೆ ಮುಳುಗುವ ಹೊತ್ತು

ಮರ್ಸಿ ದ್ವೀಪಕ್ಕೆ ಇರುವುದು ಒಂದೇ ರಸ್ತೆ.
ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ
ದಿನಕ್ಕೆರಡು ಸಲ ಅದೂ ಇಲ್ಲ.
ಅಂಚೆಯ ಕೆಂಪು ವ್ಯಾನಿನ ಕನ್ನಡಿಗೆ
ಉಬ್ಬರದ ವೇಳಾಪಟ್ಟಿ ಸಿಕ್ಕಿಸಿಕೊಂಡು
ಹನ್ನೊಂದು ವರ್ಷ ಓಡಾಡಿದ್ದೇನೆ.
ಒಮ್ಮೆ ಲೆಕ್ಕ ತಪ್ಪಿ
ಎಂಜಿನ್ನು ಮೊದಲು ನೀರು ಕುಡಿದು
ಆಮೇಲೆ ಉಪ್ಪು ತಿಂದಿತು.

ಕಡಲ ಬೀದಿಯ ಕೊನೆಯ ಮನೆ ಪೆಟ್ಟಿಕನ್ ಮೇಷ್ಟ್ರದು.
ನಿಘಂಟಿನ ಕಚೇರಿ ಕಳಿಸುವ ದಪ್ಪ ಲಕೋಟೆ
ಅವರ ಬಾಗಿಲಿನ ಸೀಳಿನಲ್ಲಿ ತೂರುವುದಿಲ್ಲ.
ಹಾಗಾಗಿ ಬೆಲ್ಲು, ಹಾಗಾಗಿ ಚಹಾ,
ಹಾಗಾಗಿ ಈ ಚಳಿಗಾಲವಿಡೀ
ನನಗೂ ಅಂಟಿಕೊಂಡದ್ದು ಒಂದೇ ಪದ:
ಟೈಡ್.

ಅಡುಗೆಮನೆಯ ಮೇಜಿನ ತುಂಬ ಚೀಟಿ.
ಜನಾಭಿಪ್ರಾಯದ ಟೈಡ್ ತಿರುಗಿತಂತೆ,
ಅಗಲ ಪ್ಯಾಂಟಿನ ಟೈಡ್ ಮತ್ತೆ ಏರಿತಂತೆ,
ಯಾರೋ ಒಬ್ಬಾಕೆ ತಂಗಿಗೆ ಹತ್ತು ಪೌಂಡು ಕೊಟ್ಟು
ಶುಕ್ರವಾರದ ತನಕ ಟೈಡ್ ಮಾಡಿದಳಂತೆ.
"ಎಲ್ಲ ನೀರೇ ನೋಡು," ಅನ್ನುತ್ತಾರೆ ಮೇಷ್ಟ್ರು,
"ಒಣಗಿಸಿ ಇಟ್ಟ ನೀರು."
ನೆಂಟರಿಷ್ಟರನ್ನೂ ಕರೆದು ಕೂರಿಸುತ್ತಾರೆ:
ಅಲೆ, ಅದು ಹೊಡೆದು ಹೋಗುವಂಥದ್ದು.
ಸೆಳವು ಕಾಣದ ಹಾಗೆ ಎಳೆಯುವಂಥದ್ದು.
ಗಾಳಿಗೆ ದಿಕ್ಕಿದೆ, ತಾಳ್ಮೆಯಿಲ್ಲ.
ಹುಚ್ಚಿಗೆ ವಾಪಸು ಹೋಗುವ ದಾರಿ ಗೊತ್ತಿಲ್ಲ.
ಟೈಡ್‌ಗೆ ಗೊತ್ತು. ಅದರ ಮರ್ಯಾದೆಯೇ ಅದು.
ಬಂದದ್ದು ಹೋಗುತ್ತದೆ,
ಕೆಸರಲ್ಲಿ ಒಂದು ಸಹಿ ಹಾಕಿ.

ಹಿಂದೆ ಈ ಪದಕ್ಕೂ ನೀರಿಗೂ
ಸಂಬಂಧವೇ ಇರಲಿಲ್ಲವಂತೆ.
ಬರೀ ಹೊತ್ತು.
ಊಟದ ಹೊತ್ತು, ಹಬ್ಬದ ಹೊತ್ತು, ದೀಪ ಹಚ್ಚುವ ಹೊತ್ತು.
ಹೊತ್ತಿಗೆ ಸರಿಯಾಗಿ ಬರುವ ಸಮುದ್ರ
ಆ ಹೆಸರನ್ನು
ಹೊತ್ತುಕೊಂಡೇ ಹೋಯಿತು.

ಮಾರ್ಚಿಯ ಒಂದು ಮಂಗಳವಾರ ಮಾತು ಹೆಚ್ಚಾಗಿ
ನನ್ನ ಹೊತ್ತು ಮೀರಿತು. ರಸ್ತೆ ಮುಳುಗಿ
ಬೇಲಿಗೂಟಗಳ ತಲೆ ಮಾತ್ರ ಉಳಿದವು.
ಸಿಂಪಿ ಶೆಡ್ಡಿನ ಅಬ್ರೆಹೆತ್ ಕೂಡ ಸಿಕ್ಕಿಬಿದ್ದು ಒಳಗೆ ಬಂದಳು.
ಕೊಲ್ಚೆಸ್ಟರಿನ ಬಸ್ಸು ಆಚೆ ದಡದಲ್ಲಿ
ದೀಪ ಹಾಕಿಕೊಂಡು ನಿಂತಿತ್ತು.

ಮೇಷ್ಟ್ರು ಸಕ್ಕರೆ ಹುಡುಕುವಷ್ಟರಲ್ಲಿ
ಅವಳು ಒಂದು ಚೀಟಿ ಎತ್ತಿಕೊಂಡಿದ್ದಳು,
ಪತ್ರಿಕೆಯ ತಲೆಬರಹ:
ದಕ್ಷಿಣ ತೀರಕ್ಕೆ ವಲಸಿಗರ ಟೈಡ್.

ಹೆಬ್ಬೆರಳ ತುಂಬ ಸಿಂಪಿ ಚೂರಿಯ ಗೀರು.
ಚೀಟಿಯ ಬೆನ್ನನ್ನೂ ತಿರುಗಿಸಿ ನೋಡಿದಳು,
ಅಲ್ಲಿ ಇನ್ನೇನೋ ಬರೆದಿರಬಹುದೆಂಬಂತೆ.
"ನಾವು ಹತ್ತೊಂಬತ್ತು ಜನ," ಎಂದಳು.
"ಒಬ್ಬಳು ಬಸುರಿ.
ಒಬ್ಬ ಹುಡುಗನ ಮಡಿಲಲ್ಲಿ ಚದುರಂಗದ ಪೆಟ್ಟಿಗೆ,
ಕಾಯಿಗಳು ಗಲಗಲ ಅನ್ನುತ್ತಿದ್ದವು.
ಎಂಜಿನ್ ನಿಂತಾಗ ಎಣಿಸಿದವಳು ನಾನೇ,
ಕತ್ತಲಲ್ಲಿ, ತಲೆ ಮುಟ್ಟಿ ಮುಟ್ಟಿ.
ಟೈಡ್ ನಮ್ಮ ಕೆಳಗಿತ್ತು."

ಕೆಟಲು ತಾನೇ ಕುದಿದು ತಾನೇ ಆರಿತು.

ಚೀಟಿ ಹರಿಯುವ ಅಧಿಕಾರ ಮೇಷ್ಟ್ರಿಗಿಲ್ಲ.
ಜನ ಆಡಿದ್ದನ್ನು ದಾಖಲಿಸಬೇಕು, ಅಷ್ಟೆ.
ಆ ಅಷ್ಟೆ ಅವತ್ತು ಗಂಟಲಿಗೆ ಅಡ್ಡಬಂತು.
ನಾಲ್ಕನೆಯ ಅರ್ಥದ ಪಕ್ಕ
ಪೆನ್ಸಿಲಿನಲ್ಲಿ ಸಣ್ಣಗೆ ಬರೆದರು:
ಎಣಿಸಿ ನೋಡದವರ ಬಳಕೆ.
ಸಂಪಾದಕರು ಹೊಡೆದುಹಾಕುತ್ತಾರೆ, ಅವರಿಗೂ ಗೊತ್ತು.
ಪೆನ್ಸಿಲು ಒತ್ತಿ ಇನ್ನೊಮ್ಮೆ ತಿದ್ದಿದರು.
ಅಬ್ರೆಹೆತ್ ಚೀಟಿಯನ್ನು ಇದ್ದ ಜಾಗದಲ್ಲೇ ಇಟ್ಟು
ಚಹಾ ತಣ್ಣಗಾಯಿತೆಂದು ನಕ್ಕಳು.

ಮೂರು ನಲವತ್ತಕ್ಕೆ ರಸ್ತೆ ಮೇಲೆ ಬಂತು,
ನಡುವೆ ಹಳದಿ ಗೆರೆ, ಅದರ ಮೇಲೊಂದು ಏಡಿ.
ವ್ಯಾನಿನಲ್ಲಿ ಪರರನ್ನು ಕೂರಿಸಬಾರದು, ನಿಯಮವಿದೆ.
ಕೂರಿಸಿಕೊಂಡೆ.
ಅವಳು ಕಿಟಕಿ ಇಳಿಸಿ
ಪಾಚಿ ತೊಟ್ಟ ಬೇಲಿಗೂಟಗಳನ್ನು
ತನ್ನ ಭಾಷೆಯಲ್ಲಿ ಎಣಿಸತೊಡಗಿದಳು.
ಎಲ್ಲೋ ಒಂದು ಕಡೆ ದನಿ ನಿಂತು
ಮತ್ತೆ ಮುಂದುವರಿಯಿತು.
ಎಷ್ಟಕ್ಕೆ ನಿಂತಿತೋ, ಕೇಳಲಿಲ್ಲ.
ಗೇರು ಬದಲಿಸಿದೆ.